78 ಎಲೆ, ಒಬ್ಬ ಚಿತ್ರಗಾರ್ತಿ

ಕಣಿ ಹೇಳುವ ಟ್ಯಾರೋ ಎಲೆಗಳ ಕಟ್ಟು ಮನೆಗೆ ತಂದ ವಾರ ನಾನು ಮಾಡಿದ್ದು ಪರೀಕ್ಷೆಗೆ ಕಟ್ಟಿದ ಹುಡುಗನ ಕೆಲಸ. ಇನ್ನೂರು ಪುಟದ ನೋಟ್‌ಬುಕ್ ತೆಗೆದು, ಪೆಟ್ಟಿಗೆಯೊಳಗಿದ್ದ ಪುಟಾಣಿ ಪುಸ್ತಿಕೆ ನೋಡಿಕೊಂಡು ಎಲೆಗೊಂದು ಅರ್ಥ ಬರೆಯಲು ಕೂತೆ. ಎಲೆ 78. ನೆಟ್ಟಗೆ ಬಿದ್ದರೆ ಒಂದರ್ಥ, ತಲೆಕೆಳಗಾಗಿ ಬಿದ್ದರೆ ಇನ್ನೊಂದು, ಅಲ್ಲಿಗೆ 156. ಮಗ್ಗಿಯ ಹಾಗೆ ಉರು ಹೊಡೆಯುತ್ತ ಹತ್ತೊಂಬತ್ತನೆಯದಕ್ಕೆ ಬರುವಷ್ಟರಲ್ಲಿ ಮೊದಲಿನ ಹತ್ತು ಮರೆತಿದ್ದವು.

ಭವಿಷ್ಯದ ವಿಚಾರದಲ್ಲಿ ನನಗೆ ನಂಬಿಕೆಯಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಕಲಸಿದ ಕಟ್ಟಿನಿಂದ ಯಾವ ಎಲೆ ಏಳುತ್ತದೆ ಎನ್ನುವುದು ಆಕಸ್ಮಿಕ, ಅಷ್ಟೆ. ಗಿಳಿಶಾಸ್ತ್ರದ ಗಿಳಿಗೆ ಗೊತ್ತಿರುವಷ್ಟೇ ನಾಳಿನ ಸುದ್ದಿ ಟ್ಯಾರೋ ಎಲೆಗೂ ಗೊತ್ತು. ಆದರೂ ಇದನ್ನು ಕಲಿಯುವುದರಲ್ಲಿ ಒಂದು ಸೊಗಸಿದೆ. ಅದು ಪುಸ್ತಿಕೆಯಲ್ಲಿಲ್ಲ, ಚಿತ್ರದಲ್ಲಿದೆ ಎಂದು ನನಗೆ ತಿಳಿಯಲು ಸ್ವಲ್ಪ ದಿನ ಹಿಡಿಯಿತು.

ಟ್ಯಾರೋ ಹುಟ್ಟಿದ್ದು ಶಾಸ್ತ್ರವಾಗಿ ಅಲ್ಲ, ಆಟವಾಗಿ. 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಮಿಲಾನ್, ಫೆರಾರಾದಂಥ ಊರುಗಳ ಅರಮನೆಗಳಲ್ಲಿ ಇದನ್ನು ಆಡುತ್ತಿದ್ದರು. ಮಾಮೂಲಿ ಇಸ್ಪೀಟಿನಂಥ ನಾಲ್ಕು ಪಂಗಡದ ಎಲೆಗಳಿಗೆ ಚಕ್ರವರ್ತಿ, ಪೋಪ್, ಪ್ರೇಮಿಗಳು, ಸಾವು, ಸೂರ್ಯ, ಚಂದ್ರರ ಚಿತ್ರವಿರುವ ಇನ್ನೊಂದಿಷ್ಟು ಎಲೆ ಸೇರಿಸಿದರು. ಇವು ಉಳಿದೆಲ್ಲವನ್ನೂ ಹೊಡೆಯುವ ತುರುಪಿನ ಎಲೆಗಳು. ಕಲಿಯುವವರು ಇಂದು ‘ಮೇಜರ್ ಅರ್ಕಾನಾ’ ಎಂದು ಗಂಭೀರವಾಗಿ ಕರೆಯುವ 22 ಎಲೆಗಳ ಪೂರ್ವಾಶ್ರಮ ಇದು. ಫ್ರಾನ್ಸಿನಲ್ಲಿ ಈಗಲೂ ಟ್ಯಾರೋ ಎಂದರೆ ಗೆಳೆಯರು ಸುತ್ತ ಕೂತು ಆಡುವ ಆಟವೇ.

ಆ ನಾಲ್ಕು ಪಂಗಡಗಳ ಕತೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಬಟ್ಟಲು, ನಾಣ್ಯ, ಕತ್ತಿ, ಕೋಲು ಯುರೋಪಿಗೆ ಬಂದದ್ದು ಈಜಿಪ್ಟನ್ನು ಆಳುತ್ತಿದ್ದ ಮಾಮ್ಲೂಕರ ಎಲೆಗಳಿಂದ. ಅಲ್ಲಿ ಕೋಲಿನ ಜಾಗದಲ್ಲಿ ಇದ್ದದ್ದು ಪೋಲೋ ಆಡುವ ದಾಂಡು. ಪೋಲೋ ಗೊತ್ತಿಲ್ಲದ ಯುರೋಪಿನವರ ಕೈಯಲ್ಲಿ ಅದು ಬರೀ ಕೋಲಾಯಿತು. ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿ ಉಳಿದಿರುವ ಅಂಥದ್ದೊಂದು ಹಳೆಯ ಕಟ್ಟಿನ ಎಲೆಯ ಮೇಲೆ ‘ಕಂಜೀಫಾ’ ಎಂಬ ಪದವಿದೆ. ಮೈಸೂರಿನವರ ಕಿವಿ ನೆಟ್ಟಗಾಗಬೇಕು: ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಆಟ ಕಟ್ಟಿ ಬರೆಸಿದ ದುಂಡನೆಯ ಗಂಜೀಫ ಎಲೆಗಳ ಹೆಸರೂ ಅದೇ.

ಆಟದ ಎಲೆಗೆ ಶಾಸ್ತ್ರದ ಕಾವಿ ತೊಡಿಸಿದ್ದು ಪ್ಯಾರಿಸ್. ಕೂರ್ ದ ಜೆಬೆಲಿನ್ ಎಂಬ ಪಾದ್ರಿ 1781ರಲ್ಲಿ, ಇದು ಪುರಾತನ ಈಜಿಪ್ಟಿನ ಗುಪ್ತಜ್ಞಾನದ ಪುಸ್ತಕ ಎಂದು ಸಾರಿದ. ಆಗಿನ್ನೂ ಈಜಿಪ್ಟಿನ ಚಿತ್ರಲಿಪಿಯನ್ನು ಓದಬಲ್ಲವರೇ ಜಗತ್ತಿನಲ್ಲಿ ಇರಲಿಲ್ಲ. ಓದಲು ಬಾರದ ಲಿಪಿಯಲ್ಲಿ ಏನು ಬರೆದಿದೆ ಎಂದರೂ ನಡೆಯುತ್ತದಲ್ಲ! ಅವನ ಹಿಂದೆಯೇ ಅಲಿಯೆಟ್ ಎಂಬಾತ ತನ್ನ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ ‘ಎತ್ತೆಯ್ಯಾ’ ಎನಿಸಿಕೊಂಡು, ಕಣಿ ಹೇಳಲೆಂದೇ ಕಟ್ಟು ಮಾಡಿಸಿ ಮಾರಿದ. ಆಕ್ಸ್‌ಫರ್ಡ್‌ನ ತತ್ವಜ್ಞಾನಿ ಮೈಕೆಲ್ ಡಮೆಟ್ 1980ರಲ್ಲಿ ದಪ್ಪನೆಯ ಗ್ರಂಥವೊಂದನ್ನು ಬರೆದು, ಮುನ್ನೂರು ವರ್ಷ ಇದು ಬರೀ ಆಟವಾಗಿತ್ತು ಎಂದು ತೋರಿಸಿಕೊಟ್ಟರು. ಈಜಿಪ್ಟಿನ ಕತೆ ಅದರಿಂದೇನೂ ಸಾಯಲಿಲ್ಲ.

ಕಲಿಯುವವರಿಗೆ ನಿಜವಾಗಿ ಬೇಕಾದ ವರ್ಷ 1909. ಲಂಡನ್ನಿನ ಎ. ಇ. ವೇಟ್ ಎಂಬ ಗೂಢವಿದ್ಯೆಯ ಪಂಡಿತರು ಹೊಸ ಕಟ್ಟಿಗೆ ಚಿತ್ರ ಬರೆಯುವ ಕೆಲಸವನ್ನು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಮೂವತ್ತೊಂದರ ಕಲಾವಿದೆಗೆ ಒಪ್ಪಿಸಿದರು. ಲಂಡನ್ನಿನಲ್ಲಿ ಹುಟ್ಟಿ, ಬಾಲ್ಯದ ಕೆಲ ವರ್ಷ ಜಮೈಕಾದಲ್ಲಿ ಬೆಳೆದು, ಬ್ರೂಕ್ಲಿನ್‌ನಲ್ಲಿ ಚಿತ್ರಕಲೆ ಕಲಿತು, ಹೆಸರಾಂತ ನಟಿ ಎಲೆನ್ ಟೆರಿಯ ನಾಟಕ ಮಂಡಳಿಯ ಜತೆ ಓಡಾಡಿದ ಹೆಣ್ಣುಮಗಳು. ಕೆಲವೇ ತಿಂಗಳಲ್ಲಿ ಅಷ್ಟೂ ಎಲೆ ಬರೆದು ಮುಗಿಸಿ, ನ್ಯೂಯಾರ್ಕಿನ ಛಾಯಾಗ್ರಾಹಕ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್‌ಗೆ ಬರೆದ ಕಾಗದದಲ್ಲಿ, ಕೆಲಸ ದೊಡ್ಡದು, ಕೈಗೆ ಬಂದ ಕಾಸು ಕಡಿಮೆ ಎಂದು ಹೇಳಿಕೊಂಡಳು. ಕಟ್ಟು ಲೋಕವೆಲ್ಲ ಸುತ್ತಿತು, ಪ್ರಕಾಶಕರ ಮತ್ತು ಪಂಡಿತರ ಹೆಸರಿನಲ್ಲಿ: ‘ರೈಡರ್–ವೇಟ್’. ಅವಳು 1951ರಲ್ಲಿ ಕಾರ್ನ್‌ವಾಲ್‌ನ ಬ್ಯೂಡ್ ಎಂಬ ಕಡಲತೀರದ ಊರಿನಲ್ಲಿ ಬಡತನದಲ್ಲೇ ತೀರಿಕೊಂಡಳು. ಅವಳ ಹೆಸರನ್ನೂ ಸೇರಿಸಿ ಕರೆಯುವ ರೂಢಿ ಈಚಿನದು.

ಅವಳು ಮಾಡಿದ್ದೇನು ಎಂದು ತಿಳಿಯಲು ಹಳೆಯ ಮಾರ್ಸೇ ಕಟ್ಟನ್ನು ಪಕ್ಕದಲ್ಲಿಡಬೇಕು. ಅಲ್ಲಿ ಕತ್ತಿಯ ಆರು ಎಂದರೆ ಆರು ಕತ್ತಿ, ನಮ್ಮ ಡೈಮಂಡ್ ಆರರಲ್ಲಿ ಆರು ಡೈಮಂಡ್ ಇರುವ ಹಾಗೆ. ಅದನ್ನು ನೋಡಿ ಅರ್ಥ ಹೇಳಬೇಕಾದರೆ ಉರು ಹೊಡೆಯದೆ ಗತಿಯಿಲ್ಲ. ಸ್ಮಿತ್ ಹೆಚ್ಚುಕಡಿಮೆ ಪ್ರತಿ ಎಲೆಗೂ ಮನುಷ್ಯರನ್ನು ತಂದಳು. ನಾಣ್ಯದ ಐದರಲ್ಲಿ ಹಿಮ ಬೀಳುತ್ತಿದೆ, ಚಿಂದಿಯುಟ್ಟ ಇಬ್ಬರು, ಅವರಲ್ಲೊಬ್ಬ ಊರುಗೋಲಿನವನು, ದೀಪ ಬೆಳಗುವ ಬಣ್ಣದ ಗಾಜಿನ ಕಿಟಕಿಯ ಕೆಳಗೆ ಹಾದುಹೋಗುತ್ತಿದ್ದಾರೆ. ಬಾಗಿಲು ಚಿತ್ರದಲ್ಲಿಲ್ಲ. ಬಟ್ಟಲಿನ ಎಂಟರಲ್ಲಿ ಒಬ್ಬಾತ ಜೋಡಿಸಿಟ್ಟ ಬಟ್ಟಲುಗಳಿಗೆ ಬೆನ್ನು ಹಾಕಿ ರಾತ್ರಿಯಲ್ಲಿ ಗುಡ್ಡ ಏರುತ್ತಿದ್ದಾನೆ. ಎಲ್ಲವೂ ಅವಳ ತಲೆಯಿಂದಲೇ ಬಂದದ್ದಲ್ಲ. 15ನೇ ಶತಮಾನದ ‘ಸೋಲಾ ಬುಸ್ಕಾ’ ಎಂಬ ಇಟಲಿಯ ಕಟ್ಟಿನ ಛಾಯಾಚಿತ್ರಗಳು 1907ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಬಂದಿದ್ದವು. ಮೂರು ಕತ್ತಿ ಚುಚ್ಚಿಸಿಕೊಂಡ ಹೃದಯದ ಎಲೆಯನ್ನು ಎರಡೂ ಕಡೆ ನೋಡಿದರೆ ಸಾಕು, ನೆಂಟಸ್ತಿಕೆ ತಿಳಿಯುತ್ತದೆ. ನಾಟಕದವರ ಸಹವಾಸವೂ ಎದ್ದು ಕಾಣುತ್ತದೆ: ಹಲವು ಎಲೆಗಳಲ್ಲಿ ಪಾತ್ರಗಳು ನಿಂತಿರುವ ನೆಲ ರಂಗದ ಹಲಗೆಯಂತೆ ಚಪ್ಪಟೆ, ಹಿಂದಿರುವ ಊರು ಪರದೆಯ ಮೇಲೆ ಬರೆದಂತಿದೆ.

ಹಾಗಾಗಿ ಹೊಸಬರಿಗೆ ನಾನು ಹೇಳುವುದು ಇಷ್ಟೆ. ಪುಸ್ತಿಕೆಯನ್ನು ಒಂದು ತಿಂಗಳು ಬೀರುವಿನಲ್ಲಿಡಿ. ದಿನಕ್ಕೊಂದು ಎಲೆ ತೆಗೆದು, ಅಲ್ಲಿ ಏನು ನಡೆಯುತ್ತಿದೆ ಎಂದು ಬಾಯಿಬಿಟ್ಟು ಹೇಳಿ. ಯಾರು ಯಾರ ಕಡೆ ನೋಡುತ್ತಿದ್ದಾರೆ, ಹವೆ ಹೇಗಿದೆ, ಈ ಗಳಿಗೆಗೆ ಮುಂಚೆ ಏನಾಗಿರಬೇಕು? ಎಲ್ಲರೂ ಹೆದರುವ ಸಾವಿನ ಎಲೆಯನ್ನೂ ಹೀಗೇ ನೋಡಿ: ಬಿಳಿ ಕುದುರೆಯ ಮೇಲೆ ಅಸ್ಥಿಪಂಜರ, ಕೆಳಗೆ ಉರುಳಿದ ರಾಜ, ಮುಖವೆತ್ತಿ ನೋಡುವ ಮಗು, ದೂರದ ಎರಡು ಗೋಪುರಗಳ ನಡುವೆ ಸೂರ್ಯ. ಆಮೇಲೆ ಮೂರು ಎಲೆ ಸಾಲಾಗಿಟ್ಟು ಕತೆ ಕಟ್ಟಿ. ಹತ್ತು ಎಲೆಗಳ ‘ಸೆಲ್ಟಿಕ್ ಕ್ರಾಸ್’ ಹಾಸನ್ನು ಮೊದಲ ವಾರವೇ ಹರಡಿ ಕೂತರೆ ಕಂಗಾಲಾಗುತ್ತೀರಿ. ರಾಜ, ರಾಣಿ, ಸವಾರ, ಹುಡುಗ ಎಂಬ 16 ಎಲೆಗಳು ಎಲ್ಲರನ್ನೂ ಸತಾಯಿಸುತ್ತವೆ, ನನ್ನನ್ನು ಇನ್ನೂ ಬಿಟ್ಟಿಲ್ಲ. ಕಾಯಿಲೆ, ಕೋರ್ಟು, ಸಾಲದ ಪ್ರಶ್ನೆ ಹಿಡಿದು ಬಂದವರಿಗೆ ಎಲೆ ತೆಗೆಯಬೇಡಿ. ಮೂರು ತಿಂಗಳ ಆನ್‌ಲೈನ್ ಕೋರ್ಸ್ ಮುಗಿಸಿ ಫೀಸು ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹೋದ ವರ್ಷ ನಮ್ಮ ಅತ್ತಿಗೆ ಊರಿನ ಮನೆ ಮಾರಿ ಮಗನ ಫ್ಲ್ಯಾಟಿಗೆ ಬಂದಿದ್ದರು. ಒಂದು ಮಧ್ಯಾಹ್ನ ನನ್ನ ಕಟ್ಟು ನೋಡಿ, “ನನಗೂ ಒಂದು ತೆಗಿಯೋ” ಎಂದರು. ಎದ್ದದ್ದು ಕತ್ತಿಯ ಆರು. ದೋಣಿಯಲ್ಲಿ ಶಾಲು ಹೊದ್ದು ಕುಗ್ಗಿ ಕೂತ ಹೆಂಗಸು, ಪಕ್ಕದಲ್ಲಿ ಮಗು, ಹಿಂದೆ ಕೋಲು ಊರುವ ಅಂಬಿಗ, ಮುಂದೆ ಸಾಲಾಗಿ ನಿಂತ ಆರು ಕತ್ತಿ. ನಾನು ಪುಸ್ತಿಕೆಯ ಮಾತು ಒಪ್ಪಿಸಿದೆ: “ಹಳೇ ಕಷ್ಟ ಬಿಟ್ಟು ನೆಮ್ಮದಿಯ ದಡಕ್ಕೆ ಹೋಗ್ತಿದ್ದೀರಿ ಅತ್ತಿಗೆ.”

“ಎಲ್ಲಿ ಬಿಟ್ಟಿದಾಳೋ? ಕತ್ತಿ ಎಲ್ಲಾ ದೋಣಿಯೊಳಗೇ ಇದೆಯಲ್ಲ” ಎಂದರು. ಎಲೆಯನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದರು. “ತಳಕ್ಕೇ ನೆಟ್ಟ ಹಾಗಿದೆ. ಕಿತ್ತರೆ ನೀರು ನುಗ್ಗುತ್ತೆ.”

ಆಮೇಲೆ ಅರ್ಧ ಗಂಟೆ ಹಿತ್ತಲಿನ ಬಾವಿಯ ಬಗ್ಗೆ, ಸಪೋಟ ಮರದ ಬಗ್ಗೆ, ಮನೆ ಕೊಂಡವರು ಬಾಗಿಲ ಬಣ್ಣ ಬದಲಿಸಿದ್ದರ ಬಗ್ಗೆ ಮಾತಾಡಿದರು. ಬಂದ ಮೇಲೆ ಅಷ್ಟು ಮಾತಾಡಿದ್ದು ಅದೇ ಮೊದಲು. ಕೊನೆಗೆ, “ಇದನ್ನ ಬರೆದವರು ಯಾರು?” ಎಂದು ಕೇಳಿದರು. ಮೂಲೆಯಲ್ಲಿ ಹಾವಿನಂತೆ ಸುತ್ತಿಕೊಂಡ ಪುಟ್ಟ ರುಜು ಇರುತ್ತದೆ, ನೋಡಿ ಎಂದೆ. ಕನ್ನಡಕ ತರಿಸಿಕೊಂಡು ಹುಡುಕಿದರು. ಸಿಕ್ಕಿತು. ಕಟ್ಟು ಪೂರ್ತಿ ತಮ್ಮ ಕಡೆ ಎಳೆದುಕೊಂಡು ಮಿಕ್ಕ ಎಲೆಗಳಲ್ಲೂ ಹುಡುಕತೊಡಗಿದರು.