ಹಳೆಯ ಪ್ರತಿಗೂ ತಿದ್ದುಪಡಿ

ಪಾಠಪುಸ್ತಕದ ಹೊಸ ಮುದ್ರಣದಲ್ಲಿ ತಪ್ಪೊಂದನ್ನು ತಿದ್ದಿದರೆ, ಅಕ್ಕನ ಹಳೆಯ ಪ್ರತಿಯನ್ನೇ ಓದುವ ತಂಗಿಗೆ ಅದರಿಂದ ಪ್ರಯೋಜನವೇನು? ಆ ತಿದ್ದುಪಡಿಯನ್ನು ಯಾರಾದರೂ ಅವಳ ಪ್ರತಿಯಲ್ಲಿಯೂ ಬರೆದುಕೊಡಬೇಕಷ್ಟೆ. ಗಣಕಯಂತ್ರಗಳ ವಿಷಯದಲ್ಲಿ ಈ ಕಾರ್ಯಕ್ಕೆ ಬ್ಯಾಕ್‌ಪೋರ್ಟ್ ಎಂದು ಹೆಸರು.

ಲೀನಸ್ ಟೋರ್ವಾಲ್ಡ್ಸ್ ಎಂಬವರು 1991ರಲ್ಲಿ, ಫಿನ್ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಆರಂಭಿಸಿದ ಲಿನಕ್ಸಿನ ಮೂಲಪಾಠವು ಸರ್ವರಿಗೂ ತೆರೆದಿರುವುದು. ಬಲ್ಲವರು ಯಾರೇ ಆಗಲಿ ಅದನ್ನು ಓದಿ ತಿದ್ದಬಹುದು. ಅದರಲ್ಲಿ ವೈ-ಫೈ ಮೊದಲಾದ ಉಪಕರಣಗಳನ್ನು ನಡಿಸುವ ಭಾಗಗಳಿಗೆ ಡ್ರೈವರ್ ಎನ್ನುವರು.

2021ನೆಯ ಮೇ ತಿಂಗಳಲ್ಲಿ ಬೆಲ್ಜಿಯಮಿನ ಸಂಶೋಧಕ ಮಾಥಿ ವಾನ್‌ಹೂಫ್ ಎಂಬವರು ವೈ-ಫೈಯಲ್ಲಿನ 12 ದೋಷಗಳನ್ನು ಪ್ರಕಟಿಸಿದರು. ಇವುಗಳಿಗೆ ಫ್ರಾಗ್‌ಅಟ್ಯಾಕ್ಸ್ ಎಂದು ಹೆಸರಾಯಿತು. ಮೂರು ದೋಷಗಳು ವೈ-ಫೈಯ ನಿಯಮಗಳಲ್ಲಿಯೇ ಇದ್ದವು. ಉಳಿದವು ಅವುಗಳನ್ನು ಕಾರ್ಯರೂಪಕ್ಕೆ ತಂದವರ ತಪ್ಪುಗಳು. ಒಂದನ್ನು ವಿವರಿಸುವೆನು. ದೊಡ್ಡ ಸಂದೇಶವನ್ನು ತುಂಡುಗಳಾಗಿ ಮಾಡಿ, ಪ್ರತಿಯೊಂದನ್ನೂ ಗುಪ್ತಲಿಪಿಯಲ್ಲಿ ಕಳುಹಿಸುವುದುಂಟು. ತುಂಡುಗಳೆಲ್ಲವೂ ಒಂದೇ ಕೀಲಿಯಿಂದ ಮುಚ್ಚಲ್ಪಟ್ಟವೋ ಎಂದು ನೋಡಬೇಕೆಂಬ ಕಟ್ಟಳೆ ಇರಲಿಲ್ಲ. ಆದಕಾರಣ ಸಮೀಪದಲ್ಲಿರುವ ವಂಚಕನು, ಕೆಲವು ಸಂದರ್ಭಗಳಲ್ಲಿ, ಬೇರೆಬೇರೆ ಸಂದೇಶಗಳ ತುಂಡುಗಳನ್ನು ಬೆರಸಿ ಒಂದಾಗಿ ತೋರಿಸಬಹುದಾಗಿತ್ತು. ತಿದ್ದುಪಡಿಯು ತುಂಡಿನ ಸಂಗಡ ಕೀಲಿಯ ಗುರುತನ್ನೂ ಇಟ್ಟುಕೊಂಡು, ಹೊಂದದ್ದನ್ನು ತಳ್ಳಿಹಾಕುವುದು. ಅನೇಕ ಡ್ರೈವರುಗಳಿಗೆ ಆಧಾರವಾದ ಭಾಗದಲ್ಲಿ ಇದನ್ನು ಸೇರಿಸಿದರು. ಆದರೆ ಕ್ವಾಲ್‌ಕಾಮಿನ ಕೆಲವು ಉಪಕರಣಗಳ ಡ್ರೈವರುಗಳನ್ನು ಪ್ರತ್ಯೇಕವಾಗಿ ತಿದ್ದಬೇಕಾಯಿತು.

ಹಾಗಾದರೆ ಎಲ್ಲರೂ ಹೊಸ ಆವೃತ್ತಿಯನ್ನೇ ಹಾಕಿಕೊಳ್ಳಬಾರದೇಕೆ ಎಂದು ಕೇಳಬಹುದು. ಹೊಸತರಲ್ಲಿ ಬೇರೆ ಮಾರ್ಪಾಡುಗಳೂ ಬಹಳ. ನಿತ್ಯದ ಕೆಲಸವು ನಿಲ್ಲಬಾರದೆನ್ನುವವರು ಅದಕ್ಕೆ ಹಿಂಜರಿಯುವರು. ಇಂಥವರಿಗಾಗಿ 2005ರಿಂದ ಸ್ಥಿರ ಆವೃತ್ತಿಗಳನ್ನು ಕಾಪಾಡುತ್ತಿರುವರು. ಅವುಗಳಿಗೆ ಸೇರತಕ್ಕ ತಿದ್ದುಪಡಿಯು ಮೊದಲು ಮುಖ್ಯ ಆವೃತ್ತಿಯಲ್ಲಿ ಸೇರಿರಬೇಕು, ಸರಿಯೆಂದು ಸ್ಪಷ್ಟವಾಗಿ ಕಾಣಬೇಕು, ಪರೀಕ್ಷಿಸಲ್ಪಟ್ಟಿರಬೇಕು, ಸುತ್ತಲಿನ ಸಾಲುಗಳೂ ಸೇರಿ 100 ಸಾಲುಗಳನ್ನು ಮೀರಬಾರದು ಎಂಬುದು ನಿಯಮ.

ಆದರೂ ಕಣ್ಣುಮುಚ್ಚಿ ನಕಲು ಮಾಡಲಾಗದು. ಹಳೆಯ ಪ್ರತಿಯಲ್ಲಿ ಪುಟಸಂಖ್ಯೆ ಬೇರೆಯಾಗಿರುವಂತೆ, ಹಳೆಯ ಆವೃತ್ತಿಯಲ್ಲಿ ಆ ಸಾಲು ಬೇರೆ ಸ್ಥಳದಲ್ಲಿರಬಹುದು. ಅದು ಆತುಕೊಂಡಿರುವ ಮತ್ತೊಂದು ಸಾಲು ಇಲ್ಲದೆಯೇ ಇರಬಹುದು. ಆದಕಾರಣ ನಿಜವಾದ ಯಂತ್ರಗಳಲ್ಲಿ ಪರೀಕ್ಷಿಸಬೇಕು. ಸಂಪರ್ಕವು ದೊರೆಯುವುದೋ? ಕೀಲಿ ಬದಲಾದಾಗ ಕಡಿಯುವುದೋ? ಯಂತ್ರವು ನಿದ್ರಿಸಿ ಎದ್ದ ಮೇಲೆ ಮತ್ತೆ ಕೂಡಿಕೊಳ್ಳುವುದೋ? ಕೆಟ್ಟ ತುಂಡನ್ನು ತಳ್ಳುವ ಭರದಲ್ಲಿ ಒಳ್ಳೆಯದನ್ನೂ ತಳ್ಳುವುದೋ? ಇಲ್ಲಿ ತಪ್ಪಿದರೆ ಕೇಡು ದೊಡ್ಡದು. ವೈ-ಫೈಯೊಂದನ್ನೇ ನಂಬಿದ ಯಂತ್ರಕ್ಕೆ ಮುಂದಿನ ತಿದ್ದುಪಡಿ ಬರುವ ದಾರಿಯೇ ಮುಚ್ಚಿಹೋಗುವುದು.

ಪರೀಕ್ಷಿಸಿದವರ ಹೆಸರನ್ನು, ಬರೆದವರ ಹೆಸರಿನಂತೆಯೇ, ತಿದ್ದುಪಡಿಯ ಕೆಳಗೆ ದಾಖಲಿಸುವ ಪದ್ಧತಿಯುಂಟು. ಇದಕ್ಕೆ ಮಹಾಪಾಂಡಿತ್ಯವು ಬೇಕಿಲ್ಲ. ಹಳೆಯ ಯಂತ್ರವೊಂದು, ತಾಳ್ಮೆ, ಕಂಡದ್ದನ್ನು ಕಂಡಂತೆ ಹೇಳುವ ಸತ್ಯನಿಷ್ಠೆ ಇವಿಷ್ಟು ಸಾಕು. ಹಳೆಯ ಪ್ರತಿಯನ್ನು ಓದುವ ತಂಗಿಯನ್ನು ಮರೆಯದವರು ಮಾಡತಕ್ಕ ಕೆಲಸವಿದು.