ಒತ್ತು ಶಾವಿಗೆಗೆ ಎಷ್ಟು ಕೈ ಬೇಕು?

ಒತ್ತು ಶಾವಿಗೆ ಒಬ್ಬರಿಂದಾಗುವ ಕೆಲಸವಲ್ಲ. ಮೂಡಿಗೆರೆ, ಕಳಸದ ಕಡೆ ಸುಗ್ಗಿ ಹಬ್ಬಕ್ಕೋ ಮದುವೆಯ ಮಾತುಕತೆಗೋ ನೆಂಟರು ಬರುತ್ತಾರೆಂದರೆ ಹಿಂದಿನ ದಿನವೇ ಅಕ್ಕಿ ನೆನೆಹಾಕುತ್ತಾರೆ. ಬೆಳಿಗ್ಗೆ ಅದನ್ನು ನುಣ್ಣಗೆ ರುಬ್ಬಿ, ತಳ ಹಿಡಿಯದಂತೆ ಬಾಣಲೆಯಲ್ಲಿ ಗೊಟಾಯಿಸಿ, ಮುದ್ದೆಯಾದ ಮೇಲೆ ಉಂಡೆ ಕಟ್ಟಿ ಕುದಿಯುವ ನೀರಿಗೆ ಬಿಡುತ್ತಾರೆ. ಉಂಡೆ ಮೇಲೆ ತೇಲಿ ಬಂದರೆ ಬೆಂದಿತು ಎಂದು ಲೆಕ್ಕ. ಅಲ್ಲಿಂದ ಮುಂದೆ ಎಲ್ಲರಿಗೂ ಅವಸರ. ಒಬ್ಬರು ಬಿಸಿ ಉಂಡೆಯನ್ನು ಒರಳಿಗೆ ಹಾಕಬೇಕು, ಒಬ್ಬರು ಒತ್ತಬೇಕು, ಮತ್ತೊಬ್ಬರು ಕೆಳಗೆ ತಟ್ಟೆ ಹಿಡಿದು ಎಳೆ ಗಂಟಾಗದಂತೆ ತಿರುಗಿಸುತ್ತಾ ಹೋಗಬೇಕು. ಮನೆಯಲ್ಲಿ ದೊಡ್ಡವರು ಇಬ್ಬರೇ ಇದ್ದರೆ ತಟ್ಟೆ ತಿರುಗಿಸುವ ಕೆಲಸ ಏಳೆಂಟು ವರ್ಷದ ಮಗುವಿನ ಪಾಲಿಗೆ ಬರುತ್ತದೆ. ಅದು ಕೈ ನಿಲ್ಲಿಸಿದರೆ ಶಾವಿಗೆ ಒಂದೇ ಕಡೆ ಗುಡ್ಡೆ ಬೀಳುತ್ತದೆ. ‘ತಿರುಗ್ಸು ಪುಟ್ಟಾ, ನಿಲ್ಲಿಸ್ಬೇಡ’ ಎಂದು ಅಜ್ಜಿ ಕೂಗುತ್ತಲೇ ಇರಬೇಕು.

ಈ ಅವಸರಕ್ಕೆ ಕಾರಣ ಅಕ್ಕಿಯ ಪಿಷ್ಟ. ಹಸಿ ಅಕ್ಕಿಯಲ್ಲಿ ಅದು ಬರಿಗಣ್ಣಿಗೆ ಕಾಣದಷ್ಟು ಸಣ್ಣ ಕಣಗಳಲ್ಲಿ ಒತ್ತಾಗಿ ಅಡಗಿರುತ್ತದೆ. ತಣ್ಣೀರಿನಲ್ಲಿ ಎಷ್ಟು ಕಲಕಿದರೂ ಕರಗದೆ ತಳಕ್ಕೆ ಕೂರುತ್ತದೆ. ಕಾವು ಸುಮಾರು 65ರಿಂದ 75 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಳಗಿದ್ದ ಅಮೈಲೋಸ್ ಎಂಬ ನೀಳ ಅಣುಗಳು ಹೊರಗೆ ಚಾಚಿಕೊಳ್ಳುತ್ತವೆ. ನೀರುನೀರಾಗಿದ್ದ ಹಿಟ್ಟು ಸೌಟಿಗೆ ಅಂಟುವ ಮುದ್ದೆಯಾಗುವುದು ಆಗಲೇ. ಅಕ್ಕಿರೊಟ್ಟಿಗೆ ಹಿಟ್ಟು ಉಕ್ಕರಿಸುವಾಗ ನಡೆಯುವುದೂ ಇದೇ. ಗೋಧಿ ಹಿಟ್ಟನ್ನು ಹಿಡಿದಿಡಲು ಗ್ಲುಟೆನ್ ಇದೆ. ಅಕ್ಕಿಗೆ ಆ ಭಾಗ್ಯವಿಲ್ಲ, ಬೆಂದ ಪಿಷ್ಟವೇ ಅದಕ್ಕೆ ಅಂಟು. ಆದರೆ ಹಿಟ್ಟು ಆರುತ್ತಿದ್ದಂತೆ ಅಮೈಲೋಸ್ ಅಣುಗಳು ಮತ್ತೆ ಒಂದರ ಪಕ್ಕ ಒಂದು ಸಾಲುಗಟ್ಟಿ ಬಿಗಿದುಕೊಳ್ಳತೊಡಗುತ್ತವೆ. ಆರಿದ ಉಂಡೆಯನ್ನು ಒತ್ತಲು ಹೋದರೆ ತೋಳು ಸೋಲುತ್ತದೆ, ಇಳಿದ ಎಳೆಯೂ ತುಂಡುತುಂಡು.

ಘಟ್ಟದ ಮೇಲೆ ನೀರು ನೂರು ಡಿಗ್ರಿಗೆ ಕುದಿಯುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಎತ್ತರ ಸುಮಾರು 300 ಮೀಟರ್ ಏರಿದಂತೆ ಕುದಿಬಿಂದು ಒಂದು ಡಿಗ್ರಿಯಷ್ಟು ಇಳಿಯುತ್ತದೆ. ಸಾವಿರ ಮೀಟರಿನ ಆಸುಪಾಸಿನಲ್ಲಿರುವ ಚಿಕ್ಕಮಗಳೂರಿನಲ್ಲಿ ನೀರು 97 ಡಿಗ್ರಿ ಮುಟ್ಟುವ ಮೊದಲೇ ಮರಳುತ್ತದೆ, ಮುಳ್ಳಯ್ಯನಗಿರಿಯ ತುದಿಯಲ್ಲಾದರೆ 94ರ ಹತ್ತಿರ. ಪಿಷ್ಟ ಬೇಯಲು ಇದು ಧಾರಾಳವಾಯಿತು. ತಡವಾಗುವುದು ಕಾಳುಗಳಿಗೆ. ನೆಂಟರ ದಿನ ಹುರುಳಿ, ಅಲಸಂದೆಯನ್ನು ಕುಕ್ಕರಿಗೆ ಹಾಕುವುದೇ ಸರಿ.

ಹಳೆಯ ಮನೆಗಳ ಅಟ್ಟದಲ್ಲಿ ಸಿಗುವ ಮರದ ಒರಳಿಗೆ ಉದ್ದನೆಯ ಹಿಡಿ ಇರುತ್ತದೆ. ಅದೊಂದು ಸನ್ನೆಗೋಲು. ಆಧಾರದಿಂದ ಹಿಡಿಯ ತುದಿಗಿರುವ ದೂರ, ಉಂಡೆಯನ್ನು ಒತ್ತುವ ಕಡ್ಡಿಗಿರುವ ದೂರಕ್ಕಿಂತ ಐದು ಪಟ್ಟು ಹೆಚ್ಚಿದೆ ಎಂದುಕೊಳ್ಳಿ. ಇಪ್ಪತ್ತು ಕಿಲೋ ತೂಗುವ ಮಗು ಹಿಡಿಯ ತುದಿಗೆ ಜೋತುಬಿದ್ದರೆ ಉಂಡೆಯ ಮೇಲೆ ನೂರು ಕಿಲೋ ಭಾರ ಬಿದ್ದಂತಾಯಿತು. ತುದಿಯಿಂದ ಒಂದು ಮೊಳ ಒಳಗೆ ಹಿಡಿದರೆ ಒತ್ತಲಾಗುವುದಿಲ್ಲ, ತುದಿಗೆ ಹೋದರೆ ಸಲೀಸು. ಸನ್ನೆಯ ಪಾಠ ಶಾಲೆಯಲ್ಲಿ ಬರುವ ಎಷ್ಟೋ ವರ್ಷ ಮೊದಲೇ ಇದು ಮಗುವಿನ ಮೈಗೆ ಗೊತ್ತಾಗಿರುತ್ತದೆ. ಈಗ ಹೆಚ್ಚಿನ ಕಡೆ ಇರುವುದು ಮೂರು ಕಾಲಿನ, ತಿರುಪು ಹಿಡಿಯ ಒರಳು. ತಿರುಪೂ ಬಲವನ್ನು ಹಿಗ್ಗಿಸುತ್ತದೆ, ಆದರೆ ಜೋತುಬೀಳುವ ಸುಖ ಅದರಲ್ಲಿಲ್ಲ.

ಮಕ್ಕಳನ್ನು ಅಡುಗೆಮನೆಗೆ ಯಾವ ವಯಸ್ಸಿನಿಂದ ಸೇರಿಸಬಹುದು? ಅವರೇ ತಾವಾಗಿ ಬರುವ ವಯಸ್ಸು ನಾವು ಅಂದುಕೊಂಡದ್ದಕ್ಕಿಂತ ಬಹಳ ಬೇಗ. ಜರ್ಮನಿಯಲ್ಲಿ ಫೆಲಿಕ್ಸ್ ವಾರ್ನೆಕನ್ ಮತ್ತು ಮೈಕೆಲ್ ಟೊಮಸೆಲ್ಲೊ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿದ್ದವು ಒಂದೂವರೆ ವರ್ಷದ ಕೂಸುಗಳು. ಅಪರಿಚಿತನೊಬ್ಬ ಬಟ್ಟೆ ಒಣಹಾಕುವಾಗ ಕ್ಲಿಪ್ ಬೀಳಿಸಿ ಎಟುಕದಂತೆ ಕೈಚಾಚಿದರೆ, ಕೇಳದೆಯೇ ಎತ್ತಿಕೊಟ್ಟವು. 24 ಮಕ್ಕಳಲ್ಲಿ 22 ಮಕ್ಕಳು ಒಂದು ಸಲವಾದರೂ ನೆರವಾದವು. ಅದೇ ಇಬ್ಬರು ಎರಡು ವರ್ಷದ ನಂತರ ಪ್ರಕಟಿಸಿದ ಇನ್ನೊಂದು ಪ್ರಯೋಗ ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ. ನೆರವಾದದ್ದಕ್ಕೆ ಆಟಿಕೆಯ ಬಹುಮಾನ ಪಡೆದ ಮಕ್ಕಳು ಆಮೇಲೆ ನೆರವಾಗುವುದನ್ನು ಕಡಿಮೆ ಮಾಡಿದವು. ಏನೂ ಸಿಗದ ಮಕ್ಕಳು, ಬರೀ ಹೊಗಳಿಸಿಕೊಂಡ ಮಕ್ಕಳು ಮುಂದುವರಿಸಿದವು. ಬೆಳ್ಳುಳ್ಳಿ ಸುಲಿದರೆ ಚಾಕಲೇಟ್ ಕೊಡುತ್ತೇನೆ ಎನ್ನುವವರು ಈ ಫಲಿತಾಂಶವನ್ನು ಎರಡು ಸಲ ಓದಿಕೊಳ್ಳಬೇಕು.

ಪುಟ್ಟ ಮಗು ನೆರವಿಗೆ ಬಂದರೆ ಕೆಲಸ ನಿಧಾನವಾಗುತ್ತದೆ, ಅದರಲ್ಲಿ ಸುಳ್ಳಿಲ್ಲ. ನೆಂಟರ ಕಾರು ಗೇಟಿನ ಹತ್ತಿರ ಬಂದಾಗ ಹಿಟ್ಟು ನೆಲಕ್ಕೆ ಚೆಲ್ಲಿದ್ದರೆ ಯಾರಿಗಾದರೂ ಸಿಟ್ಟು ಬಂದೇ ಬರುತ್ತದೆ. ‘ನೀನು ಹೋಗಿ ಆಡ್ಕೋ’ ಎಂದು ಕಳಿಸುತ್ತೇವೆ. ಮೆಕ್ಸಿಕೋದ ಗ್ವಾಡಲಹಾರ ನಗರದಲ್ಲಿ ಬಾರ್ಬರಾ ರೊಗೋಫ್ ಅವರ ಬಳಗ ನಡೆಸಿದ ಅಧ್ಯಯನಗಳು ಈ ಕಳಿಸುವಿಕೆಯ ಮುಂದಿನ ಕಥೆಯನ್ನು ಹೇಳುತ್ತವೆ. ಮೂಲನಿವಾಸಿ ಪರಂಪರೆಯ ಮನೆಗಳಲ್ಲಿ ಚಿಕ್ಕವರು ಮೊದಲಿನಿಂದಲೂ ಎಲ್ಲರ ನಡುವೆ ಕೈಹಾಕುತ್ತಾ ಬೆಳೆಯುತ್ತಾರೆ, ಶಾಲೆಗೆ ಹೋಗುವ ವಯಸ್ಸಿಗೆ ಯಾರೂ ಹೇಳದೆಯೇ ಮನೆಗೆಲಸಕ್ಕೆ ಮುಂದಾಗುತ್ತಾರೆ. ಹೆಚ್ಚು ಓದಿದ ಮಧ್ಯಮವರ್ಗದ ಮನೆಗಳಲ್ಲಿ ತಾವಾಗಿ ಮುಂದೆ ಬರುವ ಮಕ್ಕಳು ಕಡಿಮೆ. ಮೂರು ವರ್ಷದಲ್ಲಿ ಬೇಡ ಎಂದವರು ಹತ್ತು ವರ್ಷದಲ್ಲಿ ‘ಒಂದು ಲೋಟ ಎತ್ತಿಡಲ್ಲ’ ಎಂದು ಗೊಣಗುವುದು ಈ ಗುಡ್ಡಗಳಲ್ಲೂ ಕೇಳುವ ಮಾತೇ.

ಇನ್ನು ರೊಟ್ಟಿ. ಉಕ್ಕರಿಸಿದ ಹಿಟ್ಟನ್ನು ಚೆನ್ನಾಗಿ ನಾದಿ, ಒಂದೇ ಗಾತ್ರದ ಎರಡು ಉಂಡೆ ಮಾಡಿ ಐದು ವರ್ಷದ ಮಗುವಿನ ಮುಂದಿಡಿ. ಎರಡೂ ಸಮ ಎಂದು ಅದೇ ಒಪ್ಪಲಿ. ಅದರ ಕಣ್ಣೆದುರೇ ಒಂದನ್ನು ಬಾಳೆಎಲೆಯ ಮೇಲೆ ತಟ್ಟಿ ಅಗಲ ಮಾಡಿ, ಯಾವುದರಲ್ಲಿ ಹಿಟ್ಟು ಜಾಸ್ತಿ ಎಂದು ಕೇಳಿ. ಹೆಚ್ಚಿನ ಮಕ್ಕಳು ತಟ್ಟಿದ್ದರ ಕಡೆ ಕೈ ತೋರಿಸುತ್ತಾರೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಜೇಡಿಮಣ್ಣಿನ ಉಂಡೆ ಇಟ್ಟುಕೊಂಡು ಮಾಡಿದ ಪ್ರಯೋಗ ಇದೇ. ಆಕಾರ ಬದಲಾದರೂ ವಸ್ತು ಅಷ್ಟೇ ಇರುತ್ತದೆ ಎಂಬ ತಿಳಿವು ಮಕ್ಕಳಿಗೆ ಸಾಮಾನ್ಯವಾಗಿ ಏಳರ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ ಎಂದು ಆತ ಕಂಡುಕೊಂಡ. ವಯಸ್ಸೊಂದೇ ಇದನ್ನು ನಿರ್ಧರಿಸುತ್ತದೆಯೇ? ಮೆಕ್ಸಿಕೋದ ಕುಂಬಾರರ ಮಕ್ಕಳನ್ನು ಅದೇ ವಯಸ್ಸಿನ ಬೇರೆ ಮಕ್ಕಳ ಜೊತೆ ಹೋಲಿಸಿ 1969ರಲ್ಲಿ ಪ್ರಕಟವಾದ ಅಧ್ಯಯನವೊಂದು ಹಾಗಲ್ಲ ಎಂದಿತು. ದಿನವೂ ಮಣ್ಣು ಮುಟ್ಟುವ ಮಕ್ಕಳು ಈ ಪ್ರಶ್ನೆಯಲ್ಲಿ ಮೇಲುಗೈ ಸಾಧಿಸಿದ್ದರು. ತಟ್ಟಿದ್ದನ್ನು ಮತ್ತೆ ಉಂಡೆ ಮಾಡಿ, ಉಂಡೆಯನ್ನು ಮತ್ತೆ ತಟ್ಟಿ ಗೊತ್ತಿರುವ ಕೈಗೆ, ಕಣ್ಣು ಹೇಳುವುದನ್ನು ಅನುಮಾನಿಸುವ ಧೈರ್ಯ ಬರುತ್ತದೆ ಎಂದು ಕಾಣುತ್ತದೆ. ಮಗುವಿನ ಉತ್ತರ ತಪ್ಪಾದರೆ ತಿದ್ದಲು ಹೋಗಬೇಡಿ. ಇನ್ನೊಂದು ಉಂಡೆ ಕೊಡಿ, ಅಷ್ಟೇ.

ಎಲೆ ಹಾಕುವುದರಲ್ಲೂ ದೊಡ್ಡ ಗಣಿತವಿದೆ. ಮೂರು ವರ್ಷದ ಮಗು ಒಂದರಿಂದ ಹತ್ತರವರೆಗೆ ತಪ್ಪಿಲ್ಲದೆ ಹೇಳಬಹುದು. ‘ನಾಲ್ಕು ಲೋಟ ತಾ’ ಎಂದರೆ ಕೈಗೆ ಸಿಕ್ಕಷ್ಟನ್ನು ಬಾಚಿ ತರುತ್ತದೆ. ಅಮೆರಿಕದ ಕ್ಯಾರೆನ್ ವಿನ್ 1990ರ ಸುಮಾರಿನಲ್ಲಿ ಈ ಅಂತರವನ್ನು ವ್ಯವಸ್ಥಿತವಾಗಿ ತೋರಿಸಿದರು. ಎಣಿಸುವಾಗ ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಮೊತ್ತ ಎಂಬ ಗುಟ್ಟು ಮಗುವಿಗೆ ಹೊಳೆಯುವುದು ಮೂರೂವರೆ, ನಾಲ್ಕರ ಹೊತ್ತಿಗೆ. ಅಲ್ಲಿಯವರೆಗೆ ಎಣಿಕೆ ಒಂದು ಹಾಡು. ಬಂದವರಿಗೆ ಎಲೆ ಹಾಕುವಾಗ ಈ ಹಾಡಿಗೆ ಅರ್ಥ ಹತ್ತುತ್ತದೆ: ಮಾವನಿಗೊಂದು, ಅತ್ತೆಗೊಂದು, ಅವರ ಡ್ರೈವರಣ್ಣನಿಗೊಂದು. ಎಲೆ ಸಾಲದಿದ್ದರೆ ಯಾರೋ ಒಬ್ಬರು ನಿಂತೇ ಇರುತ್ತಾರೆ. ವರ್ಕ್‌ಬುಕ್ಕಿನಲ್ಲಿ ಸೇಬಿನ ಚಿತ್ರಕ್ಕೆ ಗೆರೆ ಎಳೆದು ಜೋಡಿಸುವುದರಲ್ಲಿ ಈ ಒತ್ತಡವಿಲ್ಲ. ತುದಿಯೆಲೆಯ ತುದಿ ಉಣ್ಣುವವರ ಎಡಕ್ಕೆ ಬರಬೇಕು ಎಂಬ ಇನ್ನೊಂದು ಕಟ್ಟಳೆ ಸೇರಿದರೆ, ಎದುರಿಗೆ ಕೂತವರ ಎಡ ನನಗೆ ಬಲ ಎಂಬ ತಲೆನೋವೂ ಶುರು. ಆರೇಳು ವರ್ಷದವರಿಗೆ ಅದು ಸರಿಯಾದ ತಲೆನೋವು.

ಮಾಡಿದ್ದನ್ನು ಮಕ್ಕಳು ತಿನ್ನುತ್ತಾರೆಯೇ? ಎರಡರಿಂದ ಆರು ವರ್ಷದ ನಡುವೆ ಹೊಸ ತಿನಿಸನ್ನು ಕಂಡರೆ ಹಿಂಜರಿಯುವುದು ಮಕ್ಕಳ ಸಹಜ ಗುಣ. ಕೂಸು ನಡೆಯಲು ಕಲಿತು ಕಂಡದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿನಲ್ಲಿ ಈ ಹಿಂಜರಿಕೆ ಜೀವ ಉಳಿಸಿರಬೇಕು ಎಂಬುದು ವಿಜ್ಞಾನಿಗಳ ತರ್ಕ. ಒಂದೇ ತಿನಿಸನ್ನು ಒತ್ತಾಯವಿಲ್ಲದೆ ಎಂಟು, ಹತ್ತು, ಕೆಲವೊಮ್ಮೆ ಹದಿನೈದು ಸಲ ಎದುರಿಗಿಟ್ಟ ಮೇಲೆ ಆ ಹಿಂಜರಿಕೆ ಕರಗುತ್ತದೆ. ಅರಿಶಿನ ಎಲೆ ಕಡುಬಿನ ದಿನ ಎಲೆ ಒರೆಸಿ, ಹಿಟ್ಟು ಸವರಿ, ಬೆಲ್ಲ-ಕಾಯಿ ಇಟ್ಟು ಮಡಚಿದ ಮಗುವಿಗೆ ಆ ಎಲೆಯ ಘಾಟು ಊಟದ ಹೊತ್ತಿಗೆ ಹೊಸದಾಗಿ ಉಳಿದಿರುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಆರರಿಂದ ಹತ್ತು ವರ್ಷದ 47 ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆತ್ತವರ ಜೊತೆ ಅಡುಗೆ ಮಾಡಿದ ಮಕ್ಕಳು ಮಾಡದವರಿಗಿಂತ ಮುಕ್ಕಾಲು ಪಾಲು ಹೆಚ್ಚು ಸಲಾಡ್ ತಿಂದರು, ಕೋಳಿಯನ್ನು ಕಾಲು ಪಾಲು ಹೆಚ್ಚು. ಅದು ಒಂದೇ ಊಟದ ಲೆಕ್ಕ, ಮಾಡಿದ್ದು ನೆಸ್ಲೆ ಕಂಪನಿಯ ಸಂಶೋಧನಾ ಕೇಂದ್ರ. ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡೇ ನಂಬಬೇಕು.

ಕೊಡಬಾರದ ಕೆಲಸಗಳೂ ಇವೆ. ಪತ್ರೊಡೆಯ ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ದೊಡ್ಡವರ ಕೈಯನ್ನೇ ತುರಿಸುವ ಅವು ಎಳೆಯ ಚರ್ಮವನ್ನು ಬಿಡುವುದಿಲ್ಲ. ಹುಣಸೆಹುಳಿ ಸೇರಿಸಿ ಚೆನ್ನಾಗಿ ಬೇಯಿಸುವುದು ಅದಕ್ಕೇ. ಮಳೆಗಾಲದ ಕಳಲೆಯಲ್ಲಿ ಸಯನೈಡ್ ಬಿಡುವ ಟ್ಯಾಕ್ಸಿಫಿಲಿನ್ ಇದೆ. ಹೆಚ್ಚಿ, ನೆನೆಹಾಕಿ, ನೀರು ಬದಲಿಸುತ್ತಾ ಹೋಗಿ ಆಮೇಲೆ ಬೇಯಿಸುವ ನಮ್ಮ ಪದ್ಧತಿ ಆ ವಿಷವನ್ನು ಕಳೆಯುತ್ತದೆ. ಹಸಿ ಚೂರನ್ನು ಬಾಯಿಗೆ ಹಾಕುವ ಮಗುವಿನ ಮೈತೂಕ ಚಿಕ್ಕದು, ಹಾಗಾಗಿ ಅಷ್ಟೇ ವಿಷ ಅದಕ್ಕೆ ಹೆಚ್ಚು. ಎಲ್ಲಕ್ಕಿಂತ ದೊಡ್ಡ ಅಪಾಯ ಬಿಸಿನೀರು ಮತ್ತು ಹಬೆ. ಮಕ್ಕಳ ಚರ್ಮ ತೆಳು. 60 ಡಿಗ್ರಿಯ ನೀರು ಕೂಡ ಕೆಲವೇ ಕ್ಷಣಗಳಲ್ಲಿ ಆಳವಾಗಿ ಸುಡುತ್ತದೆ, ಶಾವಿಗೆ ಉಂಡೆಯ ಪಾತ್ರೆಯಲ್ಲಿರುವುದೋ 97ರ ಹತ್ತಿರದ್ದು. ಕಡುಬಿನ ಹಬೆ ಪಾತ್ರೆಯ ಮುಚ್ಚಳ ತೆಗೆಯುವಾಗ ಮಗು ಎರಡು ಮಾರು ದೂರ ಇರಲಿ. ಒರಳು ಒಲೆಯ ಪಕ್ಕ ಬೇಡ, ಜಗಲಿಯಲ್ಲಿರಲಿ. ಉಂಡೆಯನ್ನು ಅಲ್ಲಿಗೆ ಒಯ್ಯುವವರು ದೊಡ್ಡವರೇ ಆಗಿರಲಿ.

ಉಳಿದದ್ದನ್ನೆಲ್ಲ ಧೈರ್ಯವಾಗಿ ಬಿಟ್ಟುಕೊಡಬಹುದು, ಆದರೆ ಸುಳ್ಳು ಕೆಲಸ ಕೊಡಬಾರದು. ಒಂದು ಮೂಲೆಯಲ್ಲಿ ಕೂರಿಸಿ ಆಡಲು ಚೂರು ಹಿಟ್ಟು ಕೊಟ್ಟು, ಕೊನೆಗೆ ಅದನ್ನು ಕಸಕ್ಕೆ ಹಾಕಿದರೆ ಮೂರು ವರ್ಷದವರಿಗೂ ಗೊತ್ತಾಗುತ್ತದೆ. ಅವರು ತಟ್ಟಿದ ವಕ್ರ ರೊಟ್ಟಿ ನೆಂಟರ ಎಲೆಗೆ ಹೋಗಬೇಕು. ನಮ್ಮ ಕಡೆಯ ಹೋಂಸ್ಟೇಗಳಲ್ಲಿ ಈಗ ಬೆಂಗಳೂರಿನಿಂದ ಬಂದ ಮಕ್ಕಳ ಕೈಯಲ್ಲಿ ಶಾವಿಗೆ ಒತ್ತಿಸಿ ಫೋಟೊ ತೆಗೆಯುವುದುಂಟು. ಮನೆಯ ಮಕ್ಕಳು ಆಗ ದೂರದ ಹಾಸ್ಟೆಲಿನಲ್ಲಿ ಕಾಳು ಪಲ್ಯವನ್ನು ತಟ್ಟೆಯ ಬದಿಗೆ ತಳ್ಳುತ್ತಿರುತ್ತಾರೆ. ನೆಂಟರು ದುಡ್ಡು ಕೊಟ್ಟು ಮನೆಮಕ್ಕಳ ಕೆಲಸ ಮಾಡಿಹೋಗುವ ಈ ಏರ್ಪಾಡು ಯಾರ ತಲೆಯಲ್ಲಿ ಹುಟ್ಟಿತೋ! ಕಳಸದಿಂದ ಎಂಟು ಕಿಲೋಮೀಟರ್ ದೂರದ ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ಬಂದವರು ಯಾರೇ ಆಗಲಿ, ಉಂಡೇ ಹೋಗುತ್ತಾರೆ. ಅಂಥ ಸೀಮೆಯಲ್ಲಿ ಬಡಿಸುವುದನ್ನು ಕಲಿಸಲು ಪ್ಯಾಕೇಜ್ ಬೇಕಿಲ್ಲ.

ನೆಂಟರು ಹೋದ ಮೇಲೆ ಶಾವಿಗೆ ಉಳಿದೇ ಉಳಿಯುತ್ತದೆ. ಅದನ್ನು ರಾತ್ರಿಯಿಡೀ ಹೊರಗೆ ಬಿಡಬೇಡಿ. ಬೆಂದ ಅಕ್ಕಿಯಲ್ಲಿ ಬದುಕುಳಿಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಕಗಳು ಬೆಚ್ಚಗಿನ ಜಾಗದಲ್ಲಿ ಮೊಳೆತು ವಾಂತಿ ಬರಿಸುವ ವಿಷ ಮಾಡುತ್ತವೆ. ಫ್ರಿಜ್ಜಿನಲ್ಲಿಟ್ಟರೆ ಅವುಗಳ ಆಟ ನಿಲ್ಲುತ್ತದೆ, ಆದರೆ ಪಿಷ್ಟ ಬಿಗಿದುಕೊಳ್ಳುವುದು ಚುರುಕಾಗಿ ಶಾವಿಗೆ ಸೆಟೆದು ನಿಲ್ಲುತ್ತದೆ. ಮತ್ತೆ ಹಬೆಗಿಟ್ಟರೆ ಬಹುಪಾಲು ಮೊದಲಿನ ಮೆತುವೇ ಬರುತ್ತದೆ, ಕಾಯಿಹಾಲಿಗೆ ಅದು ಸಾಕು. ಒಗ್ಗರಣೆ ಶಾವಿಗೆಗಾದರೆ ಸೆಟೆದದ್ದೇ ಒಳ್ಳೆಯದು. ಬಿಸಿ ಶಾವಿಗೆಯನ್ನು ಬಿಡಿಸಲು ಹೋದರೆ ಮುದ್ದೆಯಾಗುತ್ತದೆ, ತಣ್ಣಗಿನದು ಎಳೆಎಳೆಯಾಗಿ ಉದುರುತ್ತದೆ. ತೊಳೆದ ಕೈಯಲ್ಲಿ ಅದನ್ನು ಉದುರಿಸಿ ಕೊಡುವುದನ್ನು ಮನೆಯ ಅತಿ ಚಿಕ್ಕವರಿಗೆ ವಹಿಸಿ, ಸಾಸಿವೆ ಸಿಡಿಸುವುದು ನಿಮಗಿರಲಿ.