ಬಣ್ಣ ಬದಲಿಸುವ ಬೇರು

ಏಲಕ್ಕಿ ಹಾರದ ಹಾವೇರಿ, ಮೆಣಸಿನಕಾಯಿಯ ಬ್ಯಾಡಗಿ, ಕೃಷ್ಣಮೃಗಗಳ ರಾಣೆಬೆನ್ನೂರು: ಈ ಮೂರು ಊರುಗಳಿಂದ ಪಶ್ಚಿಮಕ್ಕೆ ಹೊರಟವರಿಗೆ ಮಲೆನಾಡು ಬಹು ದೂರವಲ್ಲ. ಮಳೆಗಾಲ ಸಮೀಪಿಸುತ್ತಿರುವಾಗ ಅಲ್ಲಿಯ ಮರಗಳ ಮೇಲೆ ಸೀತಾಳೆ ದಂಡೆ ಅರಳುತ್ತದೆ. ನಸುನೇರಿಳೆ ಚುಕ್ಕೆಗಳುಳ್ಳ ಬಿಳಿಯ ಕಿರುಹೂಗಳು ಒತ್ತೊತ್ತಾಗಿ ಸೇರಿ, ಮುಡಿಗೇರಿಸುವ ದಂಡೆಯಂತೆ ಇಳಿಬಿದ್ದು ಕಂಪು ಬೀರುತ್ತವೆ. ಸಸ್ಯಶಾಸ್ತ್ರದಲ್ಲಿ ಈ ಆರ್ಕಿಡ್ಡಿನ ಹೆಸರು ರಿಂಕೋಸ್ಟೈಲಿಸ್ ರೆಟ್ಯೂಸಾ.

ಮರದ ಮೇಲೆ ಬೆಳೆದರೂ ಇದು ಬಂದಳಿಕೆಯಂತೆ ಮರದ ರಸವನ್ನು ಹೀರುವುದಿಲ್ಲ. ಮರ ಇದಕ್ಕೆ ಕೇವಲ ನೆಲೆ. ಹಾಗಾದರೆ ಮಣ್ಣಿನ ಸಂಪರ್ಕವಿಲ್ಲದ ಈ ಗಿಡ ನೀರನ್ನು ಪಡೆಯುವುದು ಹೇಗೆ?

ಇದನ್ನರಿಯದೆ ನಾನೊಂದು ಗಿಡವನ್ನು ಕಳೆದುಕೊಂಡೆ. ನಮ್ಮ ಭಾಗದ ಒಣಹವೆಗೆ ಹೆದರಿ, ನರ್ಸರಿಯಿಂದ ತಂದ ಸಸಿಯನ್ನು ಮಣ್ಣಿನ ಕುಂಡದಲ್ಲಿ ನೆಟ್ಟು ದಿನವೂ ನೀರೆರೆದೆ. ಗಾಳಿಯಾಡದೆ ಬೇರುಗಳು ಕೊಳೆತುಹೋದವು. ಎರಡನೆಯ ಗಿಡವನ್ನು ಮರದ ತುಂಡಿಗೆ ಕಟ್ಟಿ, ನೆರಳುಬೆಳಕಿನ ಪಡಸಾಲೆಯಲ್ಲಿ ತೂಗುಹಾಕಿದೆ. ಒಣಗಿದಾಗ ಬೆಳ್ಳಗಿರುವ ಅದರ ಬೇರು, ನೀರು ತಾಗಿದ ಸ್ವಲ್ಪ ಹೊತ್ತಿನಲ್ಲೇ ಹಸಿರಾಗುವುದು ಆಗ ಕಣ್ಣಿಗೆ ಬಿತ್ತು.

ಇದರ ಕಾರಣ ಭೌತಶಾಸ್ತ್ರದಲ್ಲಿದೆ. ಬೇರಿನ ಹೊರಗೆ ವೆಲಾಮೆನ್ ಎಂಬ ನಿರ್ಜೀವ ಕೋಶಗಳ ಹೊದಿಕೆಯಿದೆ. ಒಣಗಿದಾಗ ಈ ಕೋಶಗಳಲ್ಲಿ ಗಾಳಿ ತುಂಬಿರುತ್ತದೆ. ಗಾಳಿಯ ವಕ್ರೀಭವನಾಂಕ ಸುಮಾರು 1.0, ಕೋಶಭಿತ್ತಿಯದು ಸುಮಾರು 1.5. ಈ ಅಂತರದಿಂದಾಗಿ ಬೆಳಕು ಭಿತ್ತಿಭಿತ್ತಿಯಲ್ಲೂ ಚದರಿ ಹಿಂದಿರುಗುವುದರಿಂದ ಬೇರು ಬೆಳ್ಳಗೆ ಕಾಣುತ್ತದೆ. ದೀಪದ ಬತ್ತಿ ಎಣ್ಣೆಯನ್ನೇರಿಸಿಕೊಳ್ಳುವಂತೆ ವೆಲಾಮೆನ್ ನೀರನ್ನು ಹೀರಿಕೊಳ್ಳುತ್ತದೆ. ನೀರಿನ ವಕ್ರೀಭವನಾಂಕ 1.33. ಅಂತರ ತಗ್ಗಿದಾಗ ಚದರಿಕೆಯೂ ತಗ್ಗಿ, ಹೊದಿಕೆಯ ಒಳಗಿರುವ ಪತ್ರಹರಿತ್ತು ಗೋಚರಿಸುತ್ತದೆ. ಮಿರ್ಚಿ ಭಜಿ ಕಟ್ಟಿದ ಕಾಗದದ ಎಣ್ಣೆಕಲೆಯ ಮೂಲಕ ಬೆಳಕು ಹಾಯುವುದೂ ಇದೇ ನಿಯಮದಿಂದ.

ಆದ್ದರಿಂದ ನೀರೆರೆಯುವ ವೇಳೆಯನ್ನು ಬೇರೇ ತಿಳಿಸುತ್ತದೆ: ಬೆಳ್ಳಗಾದರೆ ನೀರು ಕೊಡಿ, ಹಸಿರಾಗಿದ್ದರೆ ಕಾಯಿರಿ.

ಇನ್ನೊಂದು ಮಾತು. ಈ ಹೂವಿನ ಆಸೆಗೆ ಕಾಡಿನ ಗಿಡವನ್ನು ಕೀಳಬಾರದು. ತೊಗಟೆಗೆ ಅಂಟಿದ ಬೇರುಗಳು ಕೀಳುವಾಗ ಹರಿದುಹೋಗುತ್ತವೆ. ನೀರು ಹೀರುವ ಅಂಗವೇ ನಾಶವಾಗುತ್ತದೆ. ಕಿತ್ತ ಜಾಗದಲ್ಲಿ ಇನ್ನೊಂದು ಹುಟ್ಟುವುದೂ ಸುಲಭವಲ್ಲ. ಧೂಳಿನಷ್ಟು ಸಣ್ಣದಾದ ಇದರ ಬೀಜ ಕಾಡಿನಲ್ಲಿ ಶಿಲೀಂಧ್ರದ ನೆರವಿಲ್ಲದೆ ಬೆಳೆಯಲಾರದು. ಸಸಿ ಹೂಬಿಡಲು ವರ್ಷಗಳೇ ಬೇಕು. ನರ್ಸರಿಯಲ್ಲೇ ಬೆಳೆಸಿದ ಸಸಿಯನ್ನು ತನ್ನಿರಿ. ಬೇರಿನ ಬಣ್ಣವನ್ನು ಓದಬಲ್ಲವರಿಗೆ ಅದು ನಮ್ಮ ಬಯಲುಸೀಮೆಯಲ್ಲೂ ಒಲಿಯುತ್ತದೆ.